ರಾಗಿ ಮುದ್ದೆಯ ಚಂದ್ರ

ಮಾರೇನಹಳ್ಳಿ, ವಿಜಯನಗರ
ಬೆಂಗಳೂರು
10-1-2025, ಶುಕ್ರವಾರ

ಖಾಕಿ ತೊಡಲು ಹೊರಟಿರುವ ನನ್ನ ಮಗಳು ಕೀರ್ತನಾಳಿಗೆ ಅಮ್ಮನ ಮನಸಾರೆ ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ. ಹದಿನೈದು ದಿನದಿಂದ ಇದನ್ನು ಸುಳ್ಳು ಸುಳ್ಳೇ ಹೇಳುತ್ತಿದ್ದೆ, ಇವತ್ತು ನಿಜವಾಗಿ ಬರೆಯುತ್ತಿದ್ದೇನೆ. ನಿನ್ನ ಪತ್ರ ಕ್ರಿಸ್‌ಮಸ್ ಹಿಂದಿನ ದಿನವೇ ಬಂತು. ಉತ್ತರ ಇಷ್ಟು ತಡವಾಯಿತೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ಆದರೆ ಪೂರ್ತಿ ಓದಿದ ಮೇಲೆ. ಭಾನುವಾರ ನಿಮ್ಮ ತರಬೇತಿ ಶಾಲೆಯವರು ಕೊಡುವ ಹತ್ತು ನಿಮಿಷದ ಫೋನಿನಲ್ಲಿ, ನಿನ್ನ ಹಿಂದೆ ಇಪ್ಪತ್ತು ಹುಡುಗಿಯರು ಸರದಿಗೆ ನಿಂತು ಗಲಾಟೆ ಮಾಡುವಾಗ ಇದನ್ನೆಲ್ಲ ಹೇಳಲು ಆಗುತ್ತದೆಯೇ? ಅದಕ್ಕೇ ನಿನ್ನ ಅಪ್ಪನ ಪೆನ್ನು ಕಿತ್ತುಕೊಂಡು ಕೂತಿದ್ದೇನೆ.

ಶರಣ್ಯಾಳಿಗೆ ಉಬ್ಬಸ ಬಂದಿತ್ತು ಕಣೇ. ಗಾಬರಿಯಾಗಬೇಡ, ಈಗ ಇಲ್ಲ. ಡಿಸೆಂಬರ್ ಇಪ್ಪತ್ತಾರರ ಬೆಳಿಗ್ಗೆ ಏಳುವಾಗಲೇ ಮಗುವಿನ ಎದೆ ಗೊರಗೊರ ಅನ್ನುತ್ತಿತ್ತು. ಡಾಕ್ಟರಮ್ಮ ನೋಡಿ, ದಿನಕ್ಕೆ ಮೂರು ಸಲ ನೆಬ್ಯುಲೈಸರ್ ಕೊಡಿ ಎಂದರು. ಯಂತ್ರವನ್ನು ಮನೆಗೇ ತಂದೆವು. ಗುರ್ ಎಂದು ಸದ್ದು ಮಾಡುವ ಡಬ್ಬಿ, ಅದಕ್ಕೊಂದು ಪೈಪು, ಪೈಪಿನ ತುದಿಗೆ ಮೂಗು ಬಾಯಿ ಮುಚ್ಚುವ ಮಾಸ್ಕು, ಅದರೊಳಗಿಂದ ಔಷಧಿಯ ಹೊಗೆ. ಮಾಸ್ಕ್ ನೋಡಿದ್ದೇ ತಡ, ನಿನ್ನ ಮಗಳು ಸೂರು ಹಾರಿಹೋಗುವ ಹಾಗೆ ಕಿರುಚಿ ಮಂಚದ ಕೆಳಗೆ ನುಗ್ಗಿದಳು. ನಿದ್ದೆಯಲ್ಲಿ ಮೆಲ್ಲಗೆ ಹಿಡಿಯಲು ಹೋದರೆ ಎದ್ದು ನನ್ನ ಕೈ ಕಚ್ಚಿದಳು. ದೂರದಿಂದ ಹೊಗೆ ಬಿಟ್ಟು ಅಷ್ಟಿಷ್ಟು ಕೊಡುತ್ತಿದ್ದೆವು. ಡಾಕ್ಟರಮ್ಮ ಮುಲಾಜಿಲ್ಲದೆ ಹೇಳಿದರು: “ಹೀಗೆ ದೂರದಿಂದ ಕೊಟ್ರೆ ಸಾಲಲ್ಲ ಅಜ್ಜಿ. ಸರಿಯಾಗಿ ಒಳಗೆ ಹೋಗ್ಲಿಲ್ಲ ಅಂದ್ರೆ ಅಡ್ಮಿಟ್ ಮಾಡ್ಬೇಕಾಗುತ್ತೆ.”

ಅವತ್ತು ಯೋಗಾನಂದ ಬಿನ್ನಿಪೇಟೆಯ ಆಫೀಸಿನಿಂದ ಬಂದವರು ಚಪ್ಪಲಿ ಬಿಡುವ ಮೊದಲೇ, “ಅತ್ತೆ, ನಾನು ಕೈ ಹಿಡ್ಕೋತೀನಿ, ನೀವು ಕಾಲು ಹಿಡ್ಕೊಳ್ಳಿ, ಹಾಕ್ಬಿಡೋಣ” ಎಂದರು. ಅಪ್ಪನಾದವನಿಗೆ ಮಗು ಏದುಸಿರು ಬಿಡುವುದನ್ನು ನೋಡಲು ಆಗುತ್ತದೆಯೇ? ಆದರೂ “ನನ್ನ ಮನೇಲಿ ಯಾರೂ ಹಿಡಿಯಂಗಿಲ್ಲ!” ಎಂದು ಕೂಗಿಬಿಟ್ಟೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. “ಹಾಗಾದ್ರೆ ಕೀರ್ತನಾಗೆ ಹೇಳ್ಬಿಡೋಣ, ಅವಳೇ ಬರ್ಲಿ” ಎಂದರು. ನೀನು ಬಂದೇಬಿಡುತ್ತಿದ್ದೆ. ರಜೆ ಕೊಡದಿದ್ದರೆ ಬಿಟ್ಟು ಬರುತ್ತಿದ್ದೆ. ಮೂರು ವರ್ಷ ಓದಿ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಪರೀಕ್ಷೆ ಬರೆದು ಗಿಟ್ಟಿಸಿದ ಸಬ್ ಇನ್ಸ್‌ಪೆಕ್ಟರ್ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. “ಇನ್ನೊಂದು ಭಾನುವಾರದ ತನಕ ಟೈಮ್ ಕೊಡಿ. ಆಗ್ಲಿಲ್ಲ ಅಂದ್ರೆ ನಾನೇ ಫೋನಲ್ಲಿ ಹೇಳ್ತೀನಿ” ಎಂದೆ. ಒಪ್ಪಿಕೊಂಡರು, ಪಾಪ.

ನನಗೆ ಉಪಾಯ ಕೊಟ್ಟವಳು ಶರಣ್ಯಾಳೇ. ಅದು ಅಮಾವಾಸ್ಯೆಯ ವಾರ. ದಿನಾ ಸಂಜೆ ಮಹಡಿಗೆ ಹೋಗಿ “ಚಂದಮಾಮ ಎಲ್ಲಿ? ಚಂದಮಾಮ ಬೇಕು” ಎಂದು ಒಂದೇ ರಾಗ. ಸರಿ, ಆಕಾಶದಲ್ಲಿ ಇಲ್ಲದಿದ್ದರೆ ಮನೆಯಲ್ಲೇ ಮಾಡೋಣ ಎಂದುಕೊಂಡೆ. ಎರಡು ಮೂರು ವರ್ಷದ ಮಕ್ಕಳಿಗೆ ಮನೆಯಲ್ಲೇ ಆಡಿಸುವ ಬಾಹ್ಯಾಕಾಶದ ಆಟಗಳೆಂದು ಯೋಗಾನಂದ ಮೊಬೈಲಿನಲ್ಲಿ ಹುಡುಕಿ ಕೊಟ್ಟರು. ಒಂದರಲ್ಲಿ, ತಟ್ಟೆಯಲ್ಲಿ ಮೈದಾ ಹರಡಿ ಗೋಲಿ ಬೀಳಿಸಿದರೆ ಚಂದ್ರನ ಮೇಲಿನ ಗುಳಿಗಳಂತೆ ಆಗುತ್ತದೆ ಎಂದಿತ್ತು. ಮೈದಾ ಯಾಕೆ, ನಮ್ಮ ರಾಗಿ ಹಿಟ್ಟಿಗೆ ಏನು ಬಂದಿದೆ ಎಂದು ನಾನು ಮಿಲ್ಲಿನಿಂದ ಆಗಷ್ಟೇ ಬಂದಿದ್ದ, ಮಲ್ಲಿಗೆಯಷ್ಟು ನವಿರಾದ ಹಿಟ್ಟನ್ನು ದೊಡ್ಡ ತಟ್ಟೆಗೆ ಸುರಿದೆ. ಗೋಲಿ ಬಿತ್ತು, ಗುಳಿ ಆಯಿತು, ಮಗು ಕೇಕೆ ಹಾಕಿತು. ಆಮೇಲೆ ಬಗ್ಗಿ ಜೋರಾಗಿ ‘ಫೂ’ ಎಂದು ಊದಿತು.

ಅಯ್ಯೋ, ನನ್ನ ಬುದ್ಧಿಗೆ ಏನು ಹೇಳಲಿ! ಉಬ್ಬಸದ ಮಗುವಿನ ಮೂಗಿನ ಕೆಳಗೆ ಹಿಟ್ಟಿನ ದೂಳು! ಐದು ನಿಮಿಷದಲ್ಲಿ ಎದೆ ಸೆಳೆಯತೊಡಗಿತು, ತುಟಿ ಬಿಳಿಚಿಕೊಂಡಿತು. ಆಟೋದಲ್ಲಿ ಆಸ್ಪತ್ರೆ ಸೇರುವ ತನಕ ನನ್ನ ಜೀವ ಕೈಯಲ್ಲಿತ್ತು. ಇಂಜೆಕ್ಷನ್ ಕೊಟ್ಟು ಸಂಜೆಯ ತನಕ ಇರಿಸಿಕೊಂಡು ಕಳಿಸಿದರು. ಪಕ್ಕದ ಮನೆಯ ಶಾಂತವ್ವ, ಬಾಗಲಕೋಟೆ ಕಡೆಯವರು, ನೆಟ್ಟಗೆ ಕೇಳಿದರು: “ಏನ್ರೀ ಲಿಂಗಮ್ಮಾರ, ನಾಲ್ಕು ಮಂದಿ ಮಕ್ಕಳ್ನ ಎತ್ತಿ ಆಡಿಸೀರಿ, ಹಿಟ್ಟು ಹಾರ್ತದಂತ ಗೊತ್ತಾಗಲಿಲ್ಲೇನ್ರಿ?” ಗೊತ್ತಾಗಲಿಲ್ಲ ಕಣೇ. ನನ್ನ ರಾಗಿ ನನ್ನ ಮಗುವಿಗೆ ಕೇಡು ಮಾಡುತ್ತದೆ ಎಂಬ ಯೋಚನೆಯೇ ಬರಲಿಲ್ಲ.

ಮಾರನೆಯ ದಿನ ನಾನು ಮಂಕಾಗಿ ಮುದ್ದೆ ಕಟ್ಟುತ್ತಿದ್ದೆ. ಶರಣ್ಯಾ ಅಡುಗೆಮನೆಗೆ ಬಂದು, ಆರಲು ಇಟ್ಟಿದ್ದ ಮುದ್ದೆಗೆ ಹೆಬ್ಬೆರಳು ಚುಚ್ಚಿ, “ಅಜ್ಜಿ, ಚಂದಮಾಮ!” ಎಂದಳು. ದೂಳಿಲ್ಲ, ಗುಳಿ ಬೇಕಾದಷ್ಟು! “ಇಷ್ಟು ಕಂದು ಬಣ್ಣ ಇದೆಯಲ್ಲೇ, ಗ್ರಹಣ ಹಿಡಿದಿರೋ ಚಂದ್ರ ಇರ್ಬೇಕು” ಎಂದರು ನಿನ್ನ ಅಪ್ಪ. ಅವಳು ಗುಳಿಗಳಿಗೆಲ್ಲ ಸೊಪ್ಪಿನ ಸಾರು ತುಂಬಿ ಅರ್ಧ ಚಂದ್ರನನ್ನು ತಿಂದು ಮುಗಿಸಿದಳು. ನಾಲ್ಕು ದಿನದಿಂದ ತುತ್ತು ಮುಟ್ಟದಿದ್ದ ಮಗು.

ಅಲ್ಲಿಂದ ನನಗೆ ಹುಮ್ಮಸ್ಸು ಬಂತು ನೋಡು. ಶಾಂತವ್ವ ಹೊಸ ವಾಷಿಂಗ್ ಮಷೀನಿನ ರಟ್ಟಿನ ಪೆಟ್ಟಿಗೆ ಕೊಟ್ಟರು. ಅದಕ್ಕೆ ಕಿಟಕಿ ಕೊರೆದು ರಾಕೆಟ್ ಮಾಡಿದೆವು. ಕೋಣೆಯ ಪರದೆ ಎಳೆದು, ತರಕಾರಿ ತೊಳೆಯುವ ತೂತಿನ ಪಾತ್ರೆಯೊಳಗೆ ಟಾರ್ಚ್ ಹಚ್ಚಿದರೆ ಮಟಮಟ ಮಧ್ಯಾಹ್ನವೇ ಸೂರಿನ ತುಂಬಾ ನಕ್ಷತ್ರ. ನೆಲದ ತುಂಬಾ ದಿಂಬು ಹಾಸಿ ಚಂದ್ರನ ಮೇಲೆ ನಡೆಯುವುದು. ಆ ಹಾಳು ಯಂತ್ರವನ್ನು ಪೆಟ್ಟಿಗೆಯ ಹಿಂದೆ ಇಟ್ಟು, ಇದೇ ಎಂಜಿನ್ನು ಎಂದೆ. ಮೊದಲ ದಿನ ಗುರ್ ಅಂದಾಗ ನನ್ನ ಸೆರಗು ಹಿಡಿದಳು. ಎರಡನೆಯ ದಿನ ಅವಳೇ ಸ್ವಿಚ್ ಒತ್ತಿದಳು.

ನಿನ್ನ ಅಪ್ಪ ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದು ಸಾರ್ಥಕವಾದದ್ದು ಆಗಲೇ! ಹಳೆಯ ಸೀಟಿ ಹುಡುಕಿ ಕೊರಳಿಗೆ ಹಾಕಿಕೊಂಡು, “ಯಾರ್ರೀ ಚಂದ್ರಂಗೆ? ಟಿಕೆಟ್ ಟಿಕೆಟ್! ಬಾಪೂಜಿ ನಗರ ಸ್ಟಾಪ್ ಇಲ್ಲ, ನೇರ ಚಂದ್ರಂಗೆ!” ಎಂದು ಕೂಗಿ ಇಡೀ ಬೀದಿಗೆ ಕೇಳಿಸಿದರು. ಮಾಸ್ಕನ್ನು ತಾವೇ ಹಾಕಿಕೊಂಡು ಡ್ರೈವರ್ ಸೀಟಿನಲ್ಲಿ ಕೂತರು. “ಡ್ರೈವರನ್ನ ಯಾರೂ ಮುಟ್ಟಂಗಿಲ್ಲ, ಮುಟ್ಟಿದ್ರೆ ರಾಕೆಟ್ ನಿಲ್ಲುತ್ತೆ” ಎಂದು ರೂಲ್ಸ್ ಮಾಡಿದರು. ಒಂದು ದಿನ, ಎರಡು ದಿನ ಅವಳು ಸುಮ್ಮನೆ ನೋಡಿದಳು. ನಾವೂ ಬಾ ಅನ್ನಲಿಲ್ಲ. ಕರೆಯದೆ ಇರುವುದಕ್ಕೆ ನಾನು ಎಷ್ಟು ಹಲ್ಲು ಕಚ್ಚಿಕೊಂಡೆನೋ ನನಗೇ ಗೊತ್ತು.

ಶನಿವಾರ ಬೆಳಿಗ್ಗೆ, ನಾವು ಸೋಲೊಪ್ಪಿಕೊಂಡು ನಿನಗೆ ಹೇಳಬೇಕಾಗಿದ್ದ ದಿನಕ್ಕೆ ಒಂದೇ ದಿನ ಇರುವಾಗ, ಸೊಂಟಕ್ಕೆ ಕೈ ಇಟ್ಟು ಬಂದಳು. “ತಾತ, ಇಳಿ. ನಾನು ಡೈವರು.” ನಿನ್ನ ಅಪ್ಪ ಮೇಲಧಿಕಾರಿ ಬಂದ ಹಾಗೆ ತಟಕ್ಕನೆ ಇಳಿದರು. ತೊಳೆದು ಒಣಗಿಸಿದ ಮಾಸ್ಕನ್ನು ಸೀಟಿನ ಮೇಲಿಟ್ಟು ನಾನು ದೂರ ಸರಿದೆ. ಅವಳು ತಿರುಗಿಸಿ ನೋಡಿದಳು, ಮೂಸಿದಳು, ತಾನೇ ಮೂಗಿಗೆ ಒತ್ತಿಕೊಂಡಳು. “ಮೂರು, ಎರಡು, ಒಂದು” ಎಂದು ನಾವು ಎಣಿಸಿದರೆ, ಮಾಸ್ಕಿನೊಳಗಿಂದ “ರೈಟ್ ರೈಟ್!” ಎಂದು ಕೂಗಿ ರಾಕೆಟ್ ಬಿಟ್ಟೇಬಿಟ್ಟಳು! ಔಷಧಿ ಮುಗಿಯುವ ತನಕ, ಪೂರ್ತಿ ಹತ್ತು ನಿಮಿಷ, ತೆಗೆಯಲಿಲ್ಲ. ಯೋಗಾನಂದ ಬಾಗಿಲಲ್ಲಿ ನಿಂತು ಮಗುವಿನ ಹಾಗೆ ಅತ್ತರು. ನಾನು ಅಳಲಿಲ್ಲ, ಒಬ್ಬಳೇ ಅಡುಗೆಮನೆಗೆ ಹೋಗಿ ಕುಣಿದೆ. ಮಂಡಿ ನೋವು ಇನ್ನೂ ಹೋಗಿಲ್ಲ.

ಈಗ ದಿನಕ್ಕೆ ಮೂರು ಟ್ರಿಪ್. ತಡವಾದರೆ ಅವಳೇ ನಮ್ಮನ್ನು ಬೈಯುತ್ತಾಳೆ. ನಿನ್ನೆ ಡಾಕ್ಟರಮ್ಮ ಎದೆ ಕೇಳಿ, “ಫುಲ್ ಕ್ಲಿಯರ್. ಅದೇನ್ ಮಾಡಿದ್ರಿ ಅಜ್ಜಿ?” ಎಂದರು. “ಚಂದ್ರಂಗೆ ಕಳ್ಸಿದ್ವಿ ಮೇಡಂ” ಎಂದೆ. ನಿನಗೆ ಹೇಳದೆ ಬಚ್ಚಿಟ್ಟಿದ್ದಕ್ಕೆ ಬೈಯುವುದಿದ್ದರೆ ಬೈ, ಭಾನುವಾರದ ಹತ್ತು ನಿಮಿಷ ಪೂರ್ತಿ ಬೈ. ಆದರೆ ನಮ್ಮ ಅಮ್ಮ ಗೆದ್ದಳು ಎಂದು ಒಂದು ಸಲ ನಿನ್ನ ರೂಮಿನ ಹುಡುಗಿಯರಿಗೆಲ್ಲ ಹೇಳಬೇಕು.

ಎಳ್ಳು ಬೆಲ್ಲದ ಡಬ್ಬಿ ಬೇರೆ ಕಳಿಸಿದ್ದೇನೆ, ಹಂಚಿಕೊಂಡು ತಿನ್ನಿ. ಹೊಟ್ಟೆ ಕಟ್ಟಬೇಡ. ಹೆಗಲ ಮೇಲೆ ಎರಡು ನಕ್ಷತ್ರ ಹೊತ್ತು ಮನೆಗೆ ಬಾ. ಮನೆದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ,
ಅಮ್ಮ (ಲಿಂಗಮ್ಮ)

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು. ನಿನ್ನ ಪತ್ರದಲ್ಲಿ ನೀನು, ಅಶ್ರುವಾಯು ತರಗತಿಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿದ ಕೂಡಲೇ ಕಿತ್ತೆಸೆದು ಓಡಿಬಂದೆ, ಎಲ್ಲರೂ ನಕ್ಕರು, ಯಾಕೆ ಹಾಗಾಯಿತೋ ನನಗೇ ಗೊತ್ತಿಲ್ಲ, ನಾನು ಹೇಡಿ ಅನ್ನಿಸುತ್ತಿದೆ ಎಂದು ಬರೆದಿದ್ದೆಯಲ್ಲ. ನನಗೆ ಗೊತ್ತು. ನಿನಗೆ ಎರಡೂವರೆ ವರ್ಷವಿದ್ದಾಗ ಇದೇ ಉಬ್ಬಸ ಬಂದಿತ್ತು. ಆಸ್ಪತ್ರೆಯಲ್ಲಿ ನಿನ್ನ ಅಪ್ಪ ಕೈ ಹಿಡಿದರು, ನಿನ್ನ ಅಜ್ಜಿ ತಲೆ ಹಿಡಿದರು, ನಾನು ಕಾಲುಗಳನ್ನು ತೊಡೆಯ ಮಧ್ಯೆ ಅದುಮಿಕೊಂಡು ಮಾಸ್ಕ್ ಒತ್ತಿದೆ. ನೀನು ಬೇರೆ ಯಾರನ್ನೂ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದೆ. ಆಮೇಲೆ ಕೈಕಾಲು ಸಡಿಲ ಬಿಟ್ಟು ಸುಮ್ಮನಾದೆ. ನಾನು “ಜಾಣೆ” ಎಂದೆ. ಅದಾದ ಮೇಲೆ ಎಷ್ಟು ಚಳಿಯಿದ್ದರೂ ನೀನು ಮುಖದ ಮೇಲೆ ಹೊದಿಕೆ ಎಳೆದುಕೊಂಡವಳಲ್ಲ. ನಾನು ನೋಡುತ್ತಿದ್ದೆ, ನನಗೆ ಗೊತ್ತಾಗುತ್ತಿತ್ತು, ಒಂದು ದಿನವೂ ಬಾಯಿ ಬಿಡಲಿಲ್ಲ. ನೀನು ಹೇಡಿಯಲ್ಲ ಕೀರ್ತನಾ. ಆ ಹೆದರಿಕೆ ನಾನು ಕೊಟ್ಟದ್ದು. ಇಪ್ಪತ್ತಾರು ವರ್ಷ ತಡವಾಗಿ ಕೇಳುತ್ತಿದ್ದೇನೆ, ನನ್ನನ್ನು ಕ್ಷಮಿಸು ಕಣೇ.