ಗೃಹಮಂತ್ರಿಗಳು ಎದ್ದು ನಿಂತ ದಿನ

ಬರ್ಮಂಡ್ಸಿ, ಲಂಡನ್
9 ಮಾರ್ಚ್ 1879

ಪ್ರೀತಿಯ ತಮ್ಮ ಜೇಬೆಜ್,

ಹೇಗಿದ್ದೀಯಪ್ಪ? ಮೆಲ್ಬರ್ನಿನ ಬಿಸಿಲಿಗೆ ಎದೆಯ ಕೆಮ್ಮು ಕಡಿಮೆಯಾಯಿತೆಂದು ಬರೆದಿದ್ದೆ, ಓದಿ ಸಮಾಧಾನವಾಯಿತು. ನನ್ನ ಮಂಡಿನೋವು ಹಾಗೇ ಇದೆ, ಇಸ್ತ್ರಿ ಕೆಲಸವೂ ನಡೆದಿದೆ. ಈಗ ಕೂತುಕೊಂಡು ಓದು: ಟ್ಯಾಪ್ಸೆಲ್ ಅಮ್ಮನನ್ನು ಕೊಂದವನು ಸಿಕ್ಕಿದ!

ನೀನು ಬಾಡಿಗೆಗಿದ್ದ ಮನೆಯ ಆ ಮುದುಕಿಯ ಕೊಲೆಯಾದಾಗ ಪೊಲೀಸರು ನಿನ್ನನ್ನು ಹಿಡಿದು, ಹತ್ತು ದಿನ ಇಟ್ಟುಕೊಂಡು, ಸಾಕ್ಷಿಯಿಲ್ಲವೆಂದು ಬಿಟ್ಟರು. ಬೀದಿಯ ಜನ ಮಾತ್ರ ನಿನ್ನನ್ನು ಕೊಲೆಗಾರ ಎನ್ನುವುದನ್ನು ಬಿಡಲಿಲ್ಲ. ನೀನು ಹಡಗು ಹತ್ತಿದ ಮೇಲೆ ಠಾಣೆಗೆ ಹೋಗಿ ಕೇಳಿದರೆ, "ಓಡಿಹೋದನಲ್ಲಮ್ಮ, ಇನ್ಯಾರನ್ನ ಹುಡುಕೋದು?" ಎಂದು ಕಡತ ಕಟ್ಟಿಟ್ಟರು. ನನಗೆ ರೇಗಿತು. ನಿನ್ನ ಜೊತೆ ಚರ್ಮ ಹದ ಮಾಡುತ್ತಿದ್ದ ನಲವತ್ತೊಂದು ಜನರಿಂದ ಮರುತನಿಖೆಯ ಮನವಿಗೆ ಸಹಿ ಹಾಕಿಸಿಕೊಂಡು, ನಮ್ಮ ಕಡೆಯ ಸಂಸತ್ ಸದಸ್ಯ ಥ್ರಪ್ ಸಾಹೇಬರ ಬಾಗಿಲಲ್ಲಿ ಆರು ದಿನ ನಿಂತೆ. "ದಿನಾ ಯಾಕಮ್ಮ ಬರ್ತೀಯ?" ಅಂದರು. "ಒಂದು ಉತ್ತರ ಕೊಡಿಸಿ ಸ್ವಾಮಿ, ಆಮೇಲೆ ಈ ಕಡೆ ತಲೆನೂ ಹಾಕಲ್ಲ" ಅಂದೆ. ನಕ್ಕುಬಿಟ್ಟರು, ಪುಣ್ಯಾತ್ಮರು.

ಅವರೇ ನನ್ನನ್ನು ಸಂಸತ್ತಿಗೆ ಕರೆಸಿ, ಹೆಂಗಸರು ಮರೆಯಲ್ಲಿ ಕೂತು ಕಲಾಪ ನೋಡುವ ಜಾಲರಿಯ ಹಿಂದೆ ಕೂರಿಸಿದರು. "ಈ ತನಿಖೆಗೆ ಹೊಣೆ ಯಾರು?" ಎಂದು ಅವರು ಕೇಳಿದಾಗ ಗೃಹಮಂತ್ರಿಗಳು ಎದ್ದು ನಿಲ್ಲಲೇಬೇಕಾಯಿತು. ಒಬ್ಬ ಬಡ ಮುದುಕಿಗಾಗಿ, ಜೇಬೆಜ್! ಲೋಪವಾಗಿದೆ, ಹೊಸ ಪತ್ತೇದಾರಿ ವಿಭಾಗಕ್ಕೆ ಒಪ್ಪಿಸುತ್ತೇವೆ ಎಂದರು.

ಆ ವಿಭಾಗದ ರಾಗ್ ಎಂಬ ಅಧಿಕಾರಿ ನನ್ನ ಅಡುಗೆಮನೆಯಲ್ಲಿ ಕೂತು, ಚಹಾ ಆರಿ ತಣ್ಣಗಾದರೂ ಬರೆದುಕೊಳ್ಳುತ್ತಲೇ ಇದ್ದರು. ಮುದುಕಿಯ ಮೈಮೇಲೆ ಏನೇನಿತ್ತು ಎಂದು ಕೇಳಿದ ಮೊದಲಿಗರು ಅವರೇ. ನೀಲಿ ಕಲ್ಲಿನ ಉಂಗುರ ಕಾಣೆಯಾಗಿದೆ ಅಂದೆ. "ಇದನ್ನ ಆವತ್ತೇ ಕೇಳ್ಬೇಕಿತ್ತಮ್ಮ, ನಮ್ಮವರದೇ ತಪ್ಪು" ಅಂದರು. ಗಿರವಿ ಅಂಗಡಿಗಳನ್ನೆಲ್ಲ ಸುತ್ತಿ ಡೆಟ್‌ಫರ್ಡ್‌ನಲ್ಲಿ ಉಂಗುರ ಪತ್ತೆ ಮಾಡಿದರು. ಅಡವಿಟ್ಟವನು ಅವಳ ಸ್ವಂತ ಅಕ್ಕನ ಮಗ, ತಪ್ಪೊಪ್ಪಿಕೊಂಡ. ಆಮೇಲೆ ರಾಗ್ ಅವರು ನಿಮ್ಮ ಕಾರ್ಖಾನೆಯ ಅಂಗಳಕ್ಕೇ ಹೋಗಿ, ಎಲ್ಲರೆದುರು ನಿನ್ನ ಹೆಸರು ಹಿಡಿದು, ಇವನು ನಿರಪರಾಧಿ ಎಂದರು. ಗಂಡಸರು ಟೋಪಿ ತೆಗೆದರಂತೆ.

ಥ್ರಪ್ ಸಾಹೇಬರು, ರಾಗ್ ಅವರು ಇಬ್ಬರನ್ನೂ ದಿನವೂ ಪ್ರಾರ್ಥನೆಯಲ್ಲಿ ನೆನೆಯುತ್ತೇನೆ, ನೀನೂ ನೆನೆ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಹೆಸ್ಟರ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನಿನ್ನನ್ನು ಹಿಡಿದುಕೊಂಡು ಹೋದ ಮೊದಲ ವಾರ, ನೀನೇ ಕೊಂದೆಯೆಂದು ನಾನೂ ನಂಬಿದ್ದೆ. ಠಾಣೆಗೆ ಊಟ ತಂದುಕೊಡಲು ಬರಲಿಲ್ಲವಲ್ಲ, ಜ್ವರವಿತ್ತು ಎಂದದ್ದು ಸುಳ್ಳು. ಕ್ಷಮಿಸಿದೆ ಎಂದು ಕಾಗದ ಬರೆಯಬೇಡ. ಬಂದು ಹೇಳು.