ಸರಿಯಾಗಿಯೇ ಓಡುವ ಗಡಿಯಾರ

ಭಾನುವಾರ, ಬೆಳಿಗ್ಗೆ

ನನ್ನ ಪ್ರೀತಿಯ ಚಿಮಟ,

ಎರಡು ಬೀದಿ ಆಚೆ ಇರುವ ಸೋದರಳಿಯನಿಗೆ ಕಾಗದ ಬರೆಯುವ ಅತ್ತೆಯನ್ನು ನೀನು ಎಲ್ಲೂ ಕಂಡಿರಲಾರೆ. ಎದುರು ಕೂತರೆ ಇಬ್ಬರೂ ಏನಾದರೊಂದು ತಮಾಷೆ ಮಾಡಿ ಜಾರಿಕೊಳ್ಳುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ವಯಸ್ಸಿಗೆ ನನ್ನ ರಿಪೇರಿ ಮೇಜಿನಿಂದ ಚಿಮಟ ಕದ್ದು ದಿಂಬಿನಡಿ ಇಟ್ಟುಕೊಂಡು ಈ ಹೆಸರು ಗಳಿಸಿದವನು ನೀನು. ಹದಿನೇಳಕ್ಕೆ, ನಾನು ಕೈಚೆಲ್ಲಿದ ಗಡಿಯಾರಗಳನ್ನೂ ಓಡಿಸುತ್ತೀಯ. ಮುಂದೆ ಏನೇ ಓದಿದರೂ, ಇದನ್ನು ಬರೆದವಳು ನಿನ್ನನ್ನು ನೆಚ್ಚಿಕೊಂಡವಳು ಎಂಬುದನ್ನು ಮರೆಯಬೇಡ.

ನಿನ್ನೆ ನೀನು ಬಿಡಿಭಾಗ ತರಲು ಹೋಗಿದ್ದಾಗ ನಿನ್ನ ಗೆಳತಿ ಅಂಗಡಿಗೆ ಬಂದಿದ್ದಳು. ಮೂರು ವಾರ ಕೂತು ನೀನು ಸರಿಪಡಿಸಿ ಅವಳಿಗೆ ಕೊಟ್ಟ ಕೈಗಡಿಯಾರವನ್ನು ಕೌಂಟರಿನ ಮೇಲಿಟ್ಟಳು. ನಿಂತುಹೋಯಿತೇ ಎಂದು ಕೇಳಿದೆ. “ಇಲ್ಲ ಆಂಟಿ, ಸರಿಯಾಗೇ ಓಡ್ತಿದೆ. ಅದೇ ನನ್ನ ಕಷ್ಟ,” ಅಂದಳು.

ಗಂಟೆಗೊಮ್ಮೆ ಅದನ್ನು ಕಟ್ಟಿದ ಕೈಯ ಫೋಟೊ ಕಳಿಸಬೇಕಂತೆ, ಹಿಂದೆ ಯಾರಿದ್ದಾರೆಂದು ಕಾಣುವ ಹಾಗೆ. ಗ್ರಂಥಾಲಯದಿಂದ ಬಸ್ ನಿಲ್ದಾಣಕ್ಕೆ ಎಂಟು ನಿಮಿಷ ಎಂದು ನೀನೇ ನಡೆದು ಲೆಕ್ಕ ಹಾಕಿದ್ದೀಯಂತೆ. ಮಂಗಳವಾರ ಅವಳು ಹನ್ನೊಂದು ನಿಮಿಷ ತಡವಾಗಿ ಬಂದಾಗ ಆ ಮಣಿಕಟ್ಟನ್ನೇ ಕಂಬಕ್ಕೆ ಒತ್ತಿ ಹಿಡಿದೆಯಂತೆ. ಬಕಲಿನ ಗುರುತು ಇನ್ನೂ ಇದೆ ಚಿಮಟ, ನಾನು ನೋಡಿದೆ. “ಅವನು ಕೆಟ್ಟವನಲ್ಲ ಆಂಟಿ, ಆಮೇಲೆ ಅವನೇ ಅತ್ತುಬಿಟ್ಟ,” ಎಂದೂ ಹೇಳಿದಳು. ಅದೇ ಮಾತನ್ನು ಅದೇ ದನಿಯಲ್ಲಿ ಹಿಂದೆ ಕೇಳಿದ್ದೆ, ನನ್ನ ಅಮ್ಮನ, ಅಂದರೆ ನಿನ್ನ ಅಜ್ಜಿಯ ಬಾಯಲ್ಲಿ.

ಇದನ್ನೆಲ್ಲ ನೀನು ಎಲ್ಲಿ ಕಲಿತೆ ಎಂದು ಯೋಚಿಸಿದೆ. ಮೊದಲು ನಿನ್ನ ಗೆಳೆಯರನ್ನು ಬೈದೆ, ಆಮೇಲೆ ಆ ಫೋನನ್ನು. ಕೊನೆಗೆ ನೆನಪಾಗಿದ್ದು ನನ್ನದೇ ನಾಲಿಗೆ. ಅಜ್ಜಿ ಹೊರಗೆ ಹೋದರೆ ಎಷ್ಟು ಹೊತ್ತಿನಲ್ಲಿ ಮರಳಬೇಕೆಂದು ಅಜ್ಜ ಅಂಗಡಿಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರಲ್ಲ: ಹಾಲಿಗೆ ಹನ್ನೆರಡು ನಿಮಿಷ, ತಂಗಿಯ ಮನೆಗೆ ನಲವತ್ತು. ಅಜ್ಜಿ ಬಂದೊಡನೆ, “ಮಹಾರಾಣಿಯವರ ಸವಾರಿ ಹದಿಮೂರಕ್ಕೆ ಬಂತು!” ಮನೆಮಂದಿ ಸೇರಿದಾಗಲೆಲ್ಲ ಅದನ್ನು ನಟಿಸಿ ನಗಿಸಿದವಳು ನಾನು. “ಇನ್ನೊಂದ್ಸಲ ಅತ್ತೆ, ಅಜ್ಜನ ಥರ ಮಾಡು,” ಎಂದು ನನ್ನ ಮಡಿಲಲ್ಲಿ ಕುಣಿಯುತ್ತಿದ್ದವನು ನೀನು. ಕೊನೆಗೆ ನಾನು ಪ್ರತಿಸಲವೂ ಸೇರಿಸುತ್ತಿದ್ದೆ: ಅಷ್ಟು ಪ್ರೀತಿ ಕಣೋ, ಹೆಂಡತಿಯನ್ನು ಬಿಟ್ಟು ಒಂದು ನಿಮಿಷ ಇರಲಾರರು.

ಹದಿಮೂರು ಹದಿನೈದಾದ ದಿನಗಳ ಕಥೆಯನ್ನು ನಾನು ಹೇಳಲೇ ಇಲ್ಲ. ಸುಡುಬೇಸಿಗೆಯಲ್ಲೂ ಅಜ್ಜಿ ತುಂಬುತೋಳಿನ ಬಟ್ಟೆ ಯಾಕೆ ತೊಡುತ್ತಿದ್ದರೆಂದೂ ಹೇಳಲಿಲ್ಲ. ಅಂಜಿಕೆಯನ್ನು ಅಕ್ಕರೆಯೆಂದು ನಿನಗೆ ಉಣಿಸಿದ್ದು ನಾನು. ಹಾಗೆಂದು ನಿನ್ನ ತಪ್ಪನ್ನು ನನ್ನ ತಲೆಗೆ ಕಟ್ಟಿ ಹಗುರಾಗಬೇಡ. ಮಂಗಳವಾರ ಆ ಮಣಿಕಟ್ಟನ್ನು ಹಿಡಿದದ್ದು ನಿನ್ನದೇ ಕೈ.

ಅವಳನ್ನು ಬಿಟ್ಟುಬಿಡು. ನಿಲ್ದಾಣದಲ್ಲಿ ಕಾಯಬೇಡ, ಸಂದೇಶ ಕಳಿಸಬೇಡ. “ಸಾರಿ ಕೇಳೋಕೂ ಬರೋದು ಬೇಡ ಅಂತ ಹೇಳಿ ಆಂಟಿ,” ಎಂದಿದ್ದಾಳೆ. ಆ ಮಾತಿಗೆ ತಲೆಬಾಗುವುದೇ ಈಗ ನೀನು ಕೇಳಬಹುದಾದ ಕ್ಷಮೆ. ಅವಳನ್ನು ಮನೆಯವರೆಗೆ ಬಿಟ್ಟು, ಅವಳು ಒಪ್ಪಿದ ಮೇಲೆ ಅವಳ ತಾಯಿಗೆ ಎಲ್ಲವನ್ನೂ ತಿಳಿಸಿ ಬಂದಿದ್ದೇನೆ. ನಾಳೆ ನಾವಿಬ್ಬರೂ ನಿಮ್ಮ ಕಾಲೇಜಿನ ಆಪ್ತಸಮಾಲೋಚಕಿಯ ಬಳಿ ಹೋಗೋಣ. ನೀನು ಬಾಯಿ ಬಿಡಲಾಗದಿದ್ದರೆ ಮೊದಲು ನಾನೇ ಶುರು ಮಾಡುತ್ತೇನೆ. ನನ್ನಲ್ಲಿ ಹೇಳದೆ ಉಳಿದದ್ದು ಬೇಕಾದಷ್ಟಿದೆ. ಹದಿನೇಳು ದೊಡ್ಡ ವಯಸ್ಸೇನಲ್ಲ. ನೀನು ಬೇರೆಯವನಾಗಬಲ್ಲೆ ಎಂಬ ನಂಬಿಕೆ ನನಗಿದೆ.

ಅಂಗಡಿಯಲ್ಲಿ ನಿನ್ನ ಸ್ಟೂಲನ್ನು ಹಾಗೇ ಇಟ್ಟುಕೊಂಡಿರುವ,
ನಿನ್ನ ಸೋದರತ್ತೆ

ಮರೆತ ಮಾತು: ಹಿಂದಕ್ಕೆ ಬೀಳುತ್ತದೆಂದು ನೀನು ಮೂರು ಸಲ ಬಿಚ್ಚಿ ಸೋತ ಅಂಗಡಿಯ ಆ ಗೋಡೆ ಗಡಿಯಾರವನ್ನು ಇನ್ನು ಮುಟ್ಟಬೇಡ. ಅಜ್ಜಿಯ ನಿಮಿಷಗಳನ್ನು ಅದರಲ್ಲೇ ಎಣಿಸುತ್ತಿದ್ದ ಅಜ್ಜನೂ ಅದರ ರೋಗ ಹುಡುಕಿ ಸೋತಿದ್ದರು. ಅದರಲ್ಲಿ ಏನೂ ದೋಷವಿಲ್ಲ. ಅಮ್ಮ ಹೊರಗೆ ಹೋದಾಗಲೆಲ್ಲ, ಅಪ್ಪ ಭೂತಗನ್ನಡಿ ಸಿಕ್ಕಿಸಿಕೊಂಡು ಬಾಗಿದ್ದಾಗ, ಒಂಬತ್ತು ವರ್ಷದ ನಾನು ಸ್ಟೂಲು ಹತ್ತಿ ಮುಳ್ಳನ್ನು ಐದು ನಿಮಿಷ ಹಿಂದಕ್ಕೆ ತಳ್ಳುತ್ತಿದ್ದೆ. ಅವರಿಬ್ಬರೂ ಹೋಗಿ ಎಷ್ಟೋ ವರ್ಷವಾದರೂ ಬಾಗಿಲು ತೆರೆದ ಕೂಡಲೇ ನನ್ನ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಇಂದು ಬೆಳಿಗ್ಗೆ ಅದನ್ನು ಸರಿಯಾದ ಸಮಯಕ್ಕೆ ತಿರುಗಿಸಿದ್ದೇನೆ. ನಾಳೆ ಬಾ. ತಡವಾದರೂ ಪರವಾಗಿಲ್ಲ, ನಾನು ಅದರತ್ತ ನೋಡುವುದಿಲ್ಲ.