ಏನೂ ಮಾಡಲಿಲ್ಲ

ಒಳಗಾಲ ೨೦೭ನೇ ವರ್ಷ, ತಂಗಾಳಿ ತಿಂಗಳ ನಲವತ್ತೊಂದನೆಯ ದಿನ

ಸುಲೋಚನಾ ಟೀಚರ್ ಅವರಿಗೆ ಚೌಡಮ್ಮನ ನಮಸ್ಕಾರಗಳು.

ತಿಂಗಳಿಗೆ ನಲವತ್ತೊಂದು ದಿನವೇ ಎಂದು ನೀವು ಹುಬ್ಬೇರಿಸುತ್ತೀರಿ, ಗೊತ್ತು. ನಾವು ಚಂದ್ರನನ್ನು ಕಾಣುವುದಿಲ್ಲ, ಹಾಗಾಗಿ ಗಾಳಿ ಬದಲಾದಾಗ ತಿಂಗಳು ಬದಲಿಸುತ್ತೇವೆ. ನಿಮ್ಮ ಲೆಕ್ಕದಲ್ಲಿ ಇದು ಡಿಸೆಂಬರ್ ಇರಬಹುದು. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಕನ್ನಡ ಓದಲು ಕಲಿತದ್ದೇ ನಿಮ್ಮ ನೋಟ್‌ಬುಕ್ಕಿನಿಂದ. ಅದರ ಹಿಂದಿನ ರಟ್ಟಿನ ಮೇಲೆ ಮಗ್ಗಿ ಇದೆ. ಮುಂದಿನ ಚೀಟಿಯಲ್ಲಿ ಹೆಸರು ಸುಲೋಚನಾ ಟೀಚರ್, ವಿಷಯ ನೊಣ ತಿನ್ನುವ ಗಿಡಗಳು ಎಂದಿದೆ. ತರಗತಿ ಎಂಬಲ್ಲಿ ನೀವು ಏನೂ ಬರೆದಿಲ್ಲ.

ನಾವಿರುವುದು ಕೋಲಾರದ ಕಡೆಯ ಒಂದು ಹಳೆಯ ಚಿನ್ನದ ಗಣಿಯೊಳಗೆ. ಇನ್ನೂರೇಳು ವರ್ಷದ ಹಿಂದೆ ಮೇಲೆ ಬದುಕಲಾಗದೆ ಇಳಿದವರ ಸಂತತಿ ನಾವು, ಒಳಗಾಲದ ಎಣಿಕೆ ಶುರುವಾದದ್ದು ಅಂದಿನಿಂದಲೇ. ಇಲ್ಲಿ ರಾಗಿ, ಸೊಪ್ಪು, ಅಣಬೆ ಎಲ್ಲವನ್ನೂ ಹಗಲುಪೆಟ್ಟಿಗೆಯಲ್ಲಿ ಬೆಳೆಯುತ್ತೇವೆ. ಹಗಲುಪೆಟ್ಟಿಗೆ ಎಂದರೆ ದೊಡ್ಡದೇನಲ್ಲ, ಮೇಲೆ ದೀಪದ ಪಟ್ಟಿ, ಕೆಳಗೆ ತಟ್ಟೆ, ನೀವು ನಿಮ್ಮ ಹಿಂದಿನ ಕೋಣೆಯಲ್ಲಿ ಟ್ಯೂಬ್‌ಲೈಟ್ ಕಟ್ಟಿ ಮಾಡಿಕೊಂಡಿದ್ದಿರಲ್ಲ, ಅದೇ. ಇಳಿದವರು ನಿಮ್ಮ ನೋಟ್‌ಬುಕ್ಕಿನ ಜೊತೆ ತಂದ ನಿಮ್ಮ ಗಿಡಗಳ ಸಂತತಿಯನ್ನು ನಾವು ಬಾಯ್ಗಿಡ ಎನ್ನುತ್ತೇವೆ. ಅದರ ಪೆಟ್ಟಿಗೆ ಮೇಲಿನ ಹಂತದಲ್ಲಿ, ಹೊರಗಾಳಿಯ ಕೊಳವೆಯ ಪಕ್ಕದಲ್ಲಿದೆ. ಕಲ್ಲಿನ ನೀರಿನಲ್ಲಿ ಉಪ್ಪು ಹೆಚ್ಚು, ಕೊಟ್ಟರೆ ಗಿಡ ಸುಡುತ್ತದೆ ಎಂದು ನೀವೇ ಬರೆದಿದ್ದೀರಿ. ಅದಕ್ಕೆ ಕೊಳವೆಯ ಮೈಮೇಲೆ ಮೂಡುವ ಬೆವರನ್ನು ಬಟ್ಟೆಯಿಂದ ಒರೆಸಿ, ಹಿಂಡಿ, ಲೋಟಕ್ಕೆ ತುಂಬಿ ಹಾಕುತ್ತೇವೆ. ಒಂದು ಲೋಟ ತುಂಬಲು ಅರ್ಧ ದಿನ ಬೇಕು. ಸೊಂಟ ಹಿಡಿದುಕೊಳ್ಳುತ್ತದೆ, ಆದರೂ ನಾನು ಆ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಇಷ್ಟೆಲ್ಲ ಯಾಕೆ ಎಂದರೆ, ಇಲ್ಲಿ ಹಕ್ಕಿ ಇಲ್ಲ, ಬೆಕ್ಕು ಇಲ್ಲ. ಅಲುಗಾಡುವ ಜೀವವೆಂದು ಇರುವುದು ಮನುಷ್ಯರು, ಗುಂಗುರು ನೊಣ, ಬಾಯ್ಗಿಡ. ಮಗುವಿಗೆ ಏಳು ತುಂಬಿದ ದಿನ ಅದರ ತಲೆಯಿಂದ ಒಂದು ಕೂದಲು ಕಿತ್ತು ಕೈಗೆ ಕೊಡುತ್ತೇವೆ. ಮಗು ಆ ಕೂದಲಿನಿಂದ ಗಿಡದ ಬಾಯೊಳಗೆ ಎರಡು ಸಲ ತಾಗಿಸುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ. ತಾನು ಮುಟ್ಟಿದ್ದಕ್ಕೆ ಮನುಷ್ಯರಲ್ಲದ ಒಂದು ಜೀವ ಉತ್ತರ ಕೊಟ್ಟಿತು ಎಂದು ಮಗುವಿಗೆ ತಿಳಿಯುವುದು ಆಗಲೇ. ಅಳದ ಮಗುವನ್ನು ನಾನು ನೋಡಿಲ್ಲ. ನನ್ನ ಮೊಮ್ಮಗಳು ಅಲಮೇಲುವಿಗೆ ಇನ್ನು ಎಂಬತ್ತು ದಿನಕ್ಕೆ ಏಳು ತುಂಬುತ್ತದೆ. ಈಗ ಉಳಿದಿರುವುದು ಒಂದೇ ಕುಂಡ, ಅದೂ ಕಪ್ಪಾಗಿದೆ.

ಹೇಗಾಯಿತು ಎಂದು ಹೇಳಿಬಿಡುತ್ತೇನೆ. ನನಗಿಂತ ಮೊದಲು ಪೆಟ್ಟಿಗೆ ಕಾಯುತ್ತಿದ್ದವಳು ನನ್ನ ದೊಡ್ಡಮ್ಮ ಅಕ್ಕಯ್ಯಮ್ಮ. ಆಗ ವಿದ್ಯುತ್ತಿಗೆ ಬಹಳ ತತ್ವಾರ. ತಂಗಾಳಿ ತಿಂಗಳು ಬಂದರೆ ಇದ್ದ ಕರೆಂಟೆಲ್ಲ ಜನರನ್ನು ಬೆಚ್ಚಗಿಡಲು ಹೋಗುತ್ತಿತ್ತು, ಬಾಯ್ಗಿಡಕ್ಕೆ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ದೀಪ. ಎಲೆಗಳು ಕಪ್ಪಾಗುತ್ತಿದ್ದವು. ದೊಡ್ಡಮ್ಮ ಕಣ್ಣೀರು ಹಾಕಿಕೊಂಡು ಕುಂಡಗಳನ್ನು ಮೂಲೆಗೆ ಸರಿಸುತ್ತಿದ್ದಳು. ಗಾಳಿ ಬೆಚ್ಚಗಾದಾಗ ಚಿಗುರುತ್ತಿದ್ದವು. ದೇವರು ದೊಡ್ಡವನು ಎನ್ನುತ್ತಿದ್ದಳು.

ನಿಮ್ಮ ನೋಟ್‌ಬುಕ್ಕಿನಲ್ಲಿ ಆ ಚಳಿ ತಿಂಗಳುಗಳ ಪುಟಗಳು ಹೀಗಿವೆ. ನವೆಂಬರ್ ೧೪, ಏನೂ ಮಾಡಲಿಲ್ಲ. ನವೆಂಬರ್ ೨೮, ಏನೂ ಮಾಡಲಿಲ್ಲ. ಜನವರಿ ೯, ಏನೂ ಮಾಡಲಿಲ್ಲ. ಆಮೇಲೆ ಮಾರ್ಚ್ ೩, ಎಲ್ಲ ಹಸಿರು. ಮಿಕ್ಕ ದಿನಗಳಲ್ಲಿ ಎಷ್ಟು ಹನಿ ನೀರು ಎಂದು ಕೂಡ ಬರೆದಿಟ್ಟವರು ಹೀಗೇಕೆ ಬರೆದರು ಎಂದು ನಾವು ಎಷ್ಟು ಮಾತಾಡಿಕೊಂಡಿದ್ದೇವೆ! ದೊಡ್ಡಮ್ಮ ಹೇಳುತ್ತಿದ್ದಳು:

"ಪಾಪ, ಆಯಮ್ಮಂಗೆ ಆಗ ಮೈಯಾಗೆ ಹುಷಾರಿಲ್ಲ ಕಣೇ. ನೋಡ್ಕೊಳ್ಳೋರು ಯಾರೂ ಇರ್ಲಿಲ್ಲವೇನೋ."

ಮಾರ್ಚಿನ ಹೊತ್ತಿಗೆ ಚೇತರಿಸಿಕೊಂಡು ಹೊಸ ಗಿಡ ತಂದಿರಬೇಕು ಎಂದು ನಾನು ಸೇರಿಸಿದ್ದೆ. ನಿಮಗೆ ಕಾಯಿಲೆ ಅಂಟಿಸಿದವರು ನಾವು. ಅಷ್ಟೇ ಅಲ್ಲ, ನಿಮ್ಮ ಮೇಲೆ ಮರುಕಪಟ್ಟೆವು.

ಒಂಬತ್ತು ವರ್ಷದ ಹಿಂದೆ ಪೆಟ್ಟಿಗೆ ನನ್ನ ಕೈಗೆ ಬಂತು, ಅದೇ ವರ್ಷ ಕರೆಂಟು ಮಾಡುವ ಹೊಸ ಯಂತ್ರವೂ ಬಂತು. ನಾನು ಹಿರಿಯರ ಕಾಲು ಹಿಡಿದು ತಂಗಾಳಿ ತಿಂಗಳಿಗೂ ಪೂರ್ತಿ ದೀಪ ಕೇಳಿ ಪಡೆದೆ. ಟೀಚರ್ ಕೈಲಾಗದೆ ಬಿಟ್ಟ ಕೆಲಸವನ್ನು ನಾವು ಮಾಡೋಣ ಎಂದು ದೊಡ್ಡ ಮಾತಾಡಿದೆ. ದಿನಕ್ಕೆ ಹದಿನಾರು ಗಂಟೆ ಬೆಳಕು, ತಂಪು ತಾಗದಂತೆ ಪೆಟ್ಟಿಗೆಯ ಬದಿಯ ಕೊಳವೆಗೆ ಕಂಬಳಿ, ಬಾಯಿಬಾಯಿಗೂ ಗುಂಗುರು ಹಿಡಿದು ತಿನ್ನಿಸಿದ್ದು. ಆ ವರ್ಷ ಎಲೆ ಕಪ್ಪಾಗಲಿಲ್ಲ. ಎಲ್ಲರೂ ಹೊಗಳಿದರು, ನಾನೂ ಉಬ್ಬಿದೆ. ಮುಂದಿನ ವರ್ಷ ಬಾಯಿಗಳು ಸಣ್ಣಗಾದವು, ಅದರ ಮುಂದಿನ ವರ್ಷ ಮುಚ್ಚಲು ತಡಮಾಡಿದವು. ಅರವತ್ತೆರಡು ಕುಂಡ ಇದ್ದವು, ಟೀಚರ್. ಸೊರಗಿದ್ದಕ್ಕೆಲ್ಲ ಇನ್ನಷ್ಟು ಬೆಳಕು ಕೊಟ್ಟೆ. ಕಪ್ಪಾದದ್ದನ್ನು ಸತ್ತಿತೆಂದು ಗೊಬ್ಬರದ ಗುಂಡಿಗೆ ಸುರಿದೆ.

ಈ ತಿಂಗಳ ಮೊದಲಲ್ಲಿ ಕೊನೆಯದರ ಹಿಂದಿನ ಕುಂಡ ಸುರಿದಾಗ ಅಲಮೇಲು ಜೊತೆಗಿದ್ದಳು. ಮಣ್ಣಿನಿಂದ ಏನನ್ನೋ ಹೆಕ್ಕಿ ಒರೆಸಿ ನನ್ನ ಅಂಗೈಗೆ ಇಟ್ಟಳು. ಸಣ್ಣ ಈರುಳ್ಳಿಯಂಥ ಬಿಳಿ ಗಡ್ಡೆ, ನನ್ನ ಗುದ್ದಲಿಯ ಏಟಿಗೆ ಎರಡು ಹೋಳಾಗಿತ್ತು.

"ಅಜ್ಜಿ, ಇದು ಒಳಗೆ ಹಸೀದು," ಎಂದಳು.

ಕಪ್ಪಾದದ್ದು ಎಲೆ ಮಾತ್ರ, ಗಡ್ಡೆ ಬದುಕಿತ್ತು. ನಿಮ್ಮ ನೋಟ್‌ಬುಕ್ಕನ್ನು ಮತ್ತೆ ಓದಿದಾಗ ನಿಮಗೆ ಯಾವ ಕಾಯಿಲೆಯೂ ಇರಲಿಲ್ಲ ಎಂದು ತಿಳಿಯಿತು. ಗಿಡ ಮಲಗಿತ್ತು, ನೀವು ಅದನ್ನು ಮಲಗಲು ಬಿಟ್ಟಿದ್ದಿರಿ. ಆ ಚಳಿ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸವನ್ನೇ ನೀವು ಬರೆದಿಟ್ಟಿದ್ದಿರಿ.

ಅಂದೇ ಉಳಿದ ಒಂದು ಕುಂಡದ ದೀಪ ಕಡಿಮೆ ಮಾಡಿದೆ, ಕೊಳವೆಯ ಕಂಬಳಿ ತೆಗೆದೆ. ಕರೆಂಟಿರುವಾಗ ಇಲ್ಲಿ ಯಾವ ಜೀವವನ್ನೂ ದಿನಗಟ್ಟಲೆ ಕತ್ತಲಲ್ಲಿ ಬಿಡುವ ಪದ್ಧತಿ ಇಲ್ಲ, ಮಕ್ಕಳು ಮಲಗುವುದೂ ಬೆಳಕಿನಲ್ಲೇ. ದೀಪ ನೋಡಿಕೊಳ್ಳುವ ತಿಮ್ಮರಾಯಪ್ಪ ದಿನಾ ಬಂದು ನಿಂತು, ಕೊಲ್ಲುತ್ತಿದ್ದೀಯಲ್ಲಮ್ಮ ಎನ್ನುತ್ತಾನೆ. ಅಲ್ಲ ಎನ್ನಲು ನನ್ನ ಬಳಿ ಏನಿದೆ? ಒಂಬತ್ತು ವರ್ಷ ನಿದ್ದೆಗೆಟ್ಟ ಗಿಡ, ಈಗ ಮಲಗಿದೆಯೋ ಸತ್ತಿದೆಯೋ ನನಗೆ ತಿಳಿಯದು. ತಿಳಿಯಬೇಕಾದರೆ ಅಗೆಯಬೇಕು, ಅಗೆದರೆ ಇದ್ದದ್ದೂ ಸಾಯುತ್ತದೆ. ಅಲಮೇಲು ಬೆಳಿಗ್ಗೆ ಎದ್ದ ಕೂಡಲೇ ಓಡಿಬಂದು ನೋಡುತ್ತಾಳೆ, ಮಲಗಿದೆಯಾ ಎಂದು ಪಿಸುಮಾತಿನಲ್ಲಿ ಕೇಳುತ್ತಾಳೆ. ಎಚ್ಚರವಾದೀತೆಂದು ಅವಳಿಗೆ ಭಯ. ಗೊತ್ತಿಲ್ಲ ಮಗಾ ಎನ್ನುತ್ತೇನೆ. ಸುಳ್ಳು ಹೇಳಲು ಬಾಯಿ ಬರುವುದಿಲ್ಲ.

ಈ ಕಾಗದ ನಿಮ್ಮನ್ನು ಮುಟ್ಟುವುದಿಲ್ಲ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಆದರೂ ಕೇಳುತ್ತೇನೆ. ಆ ಕೋಣೆಯಲ್ಲಿ ನೀವು ಇನ್ನೂ ಬರೆಯುತ್ತಿದ್ದರೆ, ನವೆಂಬರಿನ ಪುಟದಲ್ಲಿ ಇನ್ನೊಂದು ಮಾತು ಸೇರಿಸಿ ತಾಯಿ. ಮಲಗಿವೆ, ಎಬ್ಬಿಸಬೇಡಿ ಎಂದಷ್ಟೇ. ನಿಮಗೆ ಅದು ಹೇಳಬೇಕಾದ ಸಂಗತಿ ಅನ್ನಿಸಿರಲಿಕ್ಕಿಲ್ಲ.

ಈ ಕಾಗದವನ್ನು ನಿಮ್ಮ ನೋಟ್‌ಬುಕ್ಕಿನೊಳಗೇ ಇಡುತ್ತೇನೆ. ಕೈ ಸುಮ್ಮನಿದ್ದರೆ ದೀಪದ ಗುಂಡಿಯ ಕಡೆಗೇ ಹೋಗುತ್ತದೆ, ಅದಕ್ಕೇ ಇಷ್ಟು ಉದ್ದ ಬರೆದೆ. ನಿಮ್ಮ ಕೊನೆಯ ಸಾಲಿನ ಕೆಳಗೆ ಇಂದಿನ ದಿನ ಹಾಕಿ, ನಿಮ್ಮಂತೆಯೇ ದುಂಡಗೆ ಬರೆದಿದ್ದೇನೆ.

ತಂಗಾಳಿ ತಿಂಗಳು ೪೧, ಏನೂ ಮಾಡಲಿಲ್ಲ.